ಅಂಟಿನ ಥಲ್ಲೂಸಾ ಮತ್ತು ಓಡಿಹೋದ ಯಜಮಾನ

ರೋಮಿನ ಅರ್ಗಿಲೇಟಮ್ ಬೀದಿಯಲ್ಲಿ ರೊಟ್ಟಿಯವನ ಒಲೆಯೊಂದು ಬಿಟ್ಟರೆ ಇನ್ನೂ ಎಲ್ಲೂ ಬೆಳಕಿಲ್ಲ. ಚಪ್ಪಲಿ ಅಂಗಡಿಗಳ ಹಲಗೆ ಬಾಗಿಲುಗಳು ಮುಚ್ಚಿಯೇ ಇವೆ. ಗ್ಲೈಕೋನ ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಅರವತ್ತೊಂದು ವರ್ಷದ ಥಲ್ಲೂಸಾ ಆಗಲೇ ಅಂಟು ಕಾಯಿಸಿ ಇಳಿಸಿದ್ದಾಳೆ. ನುಣ್ಣನೆಯ ಗೋಧಿ ಹಿಟ್ಟು, ಕುದಿಯುವ ನೀರು, ಮೇಲೆ ನಾಲ್ಕು ಹನಿ ಹುಳಿತ ದ್ರಾಕ್ಷಾರಸ. ಬೆರಳು ಅದ್ದಿ, ಹೆಬ್ಬೆರಳಿಗೆ ಒತ್ತಿ, ಮೆಲ್ಲಗೆ ಎಳೆದು ನೋಡುತ್ತಾಳೆ. ಎಳೆ ಬಂದರೆ ಅಂಟು ಹದವಾಗಿದೆ ಎಂದರ್ಥ. ಹೊತ್ತೇರಿದರೆ ಅದು ಬೇಗ ಬಿಗಿದು ಹಾಳೆ ಸುಕ್ಕಾಗುತ್ತದೆ, ಆದ್ದರಿಂದ ಆಕೆಯ ಮುಖ್ಯ ಕೆಲಸವೆಲ್ಲ ಚಪ್ಪಲಿಯವರು ಏಳುವ ಮುಂಚೆಯೇ ಮುಗಿಯಬೇಕು.

ಮೇಜಿನ ಮೇಲೆ ಒಂದು ಸುರುಳಿ ಬಿಚ್ಚಿಕೊಂಡಿದೆ. ಎರಡು ತುದಿಗೂ ನದಿಯ ನುಣುಪು ಕಲ್ಲು ಇಟ್ಟಿದ್ದಾಳೆ. ಮೂಳೆ ಹಿಡಿಯ ಸಣ್ಣ ಚಾಕು ತೆಗೆದು, ಉಸಿರು ಬಿಗಿಹಿಡಿದು, ಮೇಲಿನಿಂದ ಕೆಳಕ್ಕೆ ಒಮ್ಮೆ ಕೊಯ್ಯುತ್ತಾಳೆ. ಎರಡು ಗೇಣು ಆಚೆ ಇನ್ನೊಮ್ಮೆ. ಎರಡು ಅಂಕಣದಷ್ಟು ಬರಹ ಒಂದು ಪಟ್ಟಿಯಾಗಿ ಕೈಗೆ ಬರುತ್ತದೆ. ಎರಡನೆಯ ಅಂಕಣದ ಏಳನೆಯ ಸಾಲಿನಲ್ಲಿ ಒಂದು ಹೆಸರಿದೆ, ಆಕೆಯದೇ ಹೆಸರು. ಅದನ್ನು ಒಂದು ಗಳಿಗೆ ನೋಡಿ, ಪಟ್ಟಿಯನ್ನು ಪಕ್ಕಕ್ಕಿಟ್ಟು, ಹೊಸ ಹಾಳೆಗೆ ಅಂಟು ಸವರುತ್ತಾಳೆ.

ಆಕೆಗೆ ಓದಲು ಬರುವುದಿಲ್ಲ. ಅಂಕಿ ಗೊತ್ತು, ಸುರುಳಿಯ ತಲೆ ಯಾವುದು ಬುಡ ಯಾವುದು ಎಂದು ಗೊತ್ತು, ಮತ್ತೆ ತನ್ನ ಹೆಸರಿನ ಆಕಾರ ಗೊತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ದಿನ ಕಚೇರಿಯ ಗುಮಾಸ್ತನೊಬ್ಬ ಮೇಣದ ಹಲಗೆಯ ಮೇಲೆ ಬರೆದು ತೋರಿಸಿದ್ದನಂತೆ. ಮೂವತ್ತೆಂಟು ವರ್ಷ ಪುಸ್ತಕಗಳ ನಡುವೆಯೇ ಕಳೆದಿದ್ದಾಳೆ. ಆ ಆಕಾರ ಒಂದು ಪುಸ್ತಕದೊಳಗೆ ಕಂಡದ್ದು ಈ ವರ್ಷವೇ ಮೊದಲು. ಅಂಥ ಪ್ರತಿಗಳು ಒಟ್ಟು ಮೂವತ್ತೆರಡು. ಉಡುಗೊರೆ ಹಂಚುವ ಸಾಟರ್ನ್ ಹಬ್ಬ ಬರುವ ಮೊದಲು ಅಷ್ಟರಿಂದಲೂ ಆ ಹೆಸರನ್ನು ಕಿತ್ತು ಹಾಕುವುದು ಆಕೆಗೆ ಬಂದಿರುವ ಕೆಲಸ. ಇವತ್ತು ಒಂಬತ್ತನೆಯ ಬೆಳಗು, ನಾಲ್ಕು ಸುರುಳಿ ಬಾಕಿ ಇವೆ.

ನನ್ನ ಪತ್ರಗಳನ್ನು ಸಂತೆಯಿಂದ ಸಂತೆಗೆ ಕಾಯುವ ನಿಮಗೆ ನನ್ನ ಕೆಟ್ಟ ಚಾಳಿ ಗೊತ್ತೇ ಇದೆ. ಒಂದು ಪ್ರಶ್ನೆ ತಲೆಗೆ ಹೊಕ್ಕರೆ ಅದು ಇಳಿಯುವವರೆಗೆ ನನಗೆ ನಿದ್ದೆ ಬಾರದು. ಈ ಸಲದ ಪ್ರಶ್ನೆ ಹೀಗಿತ್ತು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ತಪ್ಪಿಸಿಕೊಂಡು ಓಡುವವರೆಲ್ಲ ಒಂದೇ ರೀತಿ ಓಡುವುದೇಕೆ? ರಾಜನೊಬ್ಬ ಊಟದ ನಡುವೆ ಎದ್ದು ಹಿತ್ತಿಲ ಬಾಗಿಲಿನಿಂದ ಹೊರಟರೆ ಮೂರನೆಯ ದಿನ ಬೇರೆ ದೇಶದ ಗಡಿ ಮುಟ್ಟುತ್ತಾನೆ. ಸೇನಾಪತಿಯೊಬ್ಬ ಕೆಂಪು ಮೇಲಂಗಿ ಕಿತ್ತೆಸೆದು ಜೊಂಡಿನಲ್ಲಿ ಕತ್ತಿನವರೆಗೆ ಮುಳುಗಿ ಕೂರುತ್ತಾನೆ. ಮೋಡ ಸರಿಯಾದ ಹೊತ್ತಿಗೆ ಚಂದ್ರನನ್ನು ಮುಚ್ಚುತ್ತದೆ, ದೋಣಿಯವ ಸರಿಯಾದ ಜಾಗದಲ್ಲಿ ಇರುತ್ತಾನೆ. ಪುಸ್ತಕ ಮಾರುವ ಗ್ಲೈಕೋನನ್ನು ಕೇಳಿದೆ. ಅವನು ಲೇಖನಿಯಿಂದ ಹಿಂದಿನ ಕೋಣೆಯ ಕಡೆ ತೋರಿಸಿ, ಅಂಟಿನವಳನ್ನು ಕೇಳಿ, ಓಡಿದವರನ್ನೆಲ್ಲ ಅಂಟಿಸಿದವಳು ಅವಳೇ ಎಂದ. ತಮಾಷೆಗೆ ಹೇಳಿದ್ದಾನೆ ಎಂದುಕೊಂಡೇ ಒಳಗೆ ಹೋದೆ.

ಹೋದವನಿಗೆ ಮೊದಲು ಸಿಕ್ಕಿದ್ದು ಬೈಗುಳ. ಬಾಗಿಲು ತೆರೆದು ಗಾಳಿ ಒಳಗೆ ಬಿಟ್ಟೆನಂತೆ. ಆಮೇಲೆ ನೆನೆಸಿದ ಕಡಲೆಕಾಳಿನ ಬಟ್ಟಲು ಮುಂದೆ ತಳ್ಳಿ, ಕೆಲಸ ನಿಲ್ಲಿಸದೆ ಮಾತಾಡಿದಳು. ಈಜಿಪ್ಟಿನಿಂದ ಬರುವ ಸುರುಳಿಯಲ್ಲಿ ಇಪ್ಪತ್ತು ಹಾಳೆ. ಅಷ್ಟರಲ್ಲಿ ಒಂದು ಮದುವೆಯ ಪದ್ಯ ಮುಗಿಯಬಹುದು, ಒಂದು ಯುದ್ಧ ಮುಗಿಯುವುದಿಲ್ಲ. ಎರಡು ಮೂರು ಸುರುಳಿ ಸೇರಿಸಿ ಒಂದು ಪುಸ್ತಕ ಮಾಡುವುದು ಆಕೆಯ ಕೆಲಸ. ದಿನಕ್ಕೆ ಹದಿನಾಲ್ಕರಿಂದ ಹದಿನಾರು ಬೆಸುಗೆ. ಎಡ ಹಾಳೆ ಮೇಲೆ, ಬಲ ಹಾಳೆ ಕೆಳಗೆ. ಬರೆಯುವವನ ಲೇಖನಿ ಮೆಟ್ಟಿಲು ಇಳಿಯಬೇಕು, ಹತ್ತಬಾರದು. ಆಮೇಲೆ ಮರದ ಸುತ್ತಿಗೆಯಿಂದ ತಟ್ಟುವುದು, ದಂತದಿಂದ ಉಜ್ಜುವುದು, ಹುಳು ಬಾರದಂತೆ ದೇವದಾರಿನ ಎಣ್ಣೆ ಸವರುವುದು. ಆಕೆಯ ಹತ್ತು ಬೆರಳೂ ಆ ಎಣ್ಣೆಗೆ ಹಳದಿಯಾಗಿವೆ. ಬಲಗೈಯ ನಡುಬೆರಳು ಈಗ ಪೂರ್ತಿ ಮಡಚುವುದಿಲ್ಲ.

ಓದಲು ಬಾರದವಳಿಗೆ ಪುಸ್ತಕದಲ್ಲಿ ಏನಿದೆ ಎಂದು ಹೇಗೆ ಗೊತ್ತು? ಅಂಗಡಿಯ ಪದ್ಧತಿಯೇ ಹಾಗಿದೆ. ನಕಲು ಮುಗಿದ ಮೇಲೆ ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಾನೆ, ಉಳಿದವರು ತಮ್ಮ ತಮ್ಮ ಪ್ರತಿ ಹಿಡಿದು ತಪ್ಪು ಹುಡುಕುತ್ತಾರೆ. ಮೂವತ್ತೆಂಟು ವರ್ಷ ಆ ಓದು ಆಕೆಯ ಕಿವಿಯ ಮೇಲೆ ಬಿದ್ದಿದೆ. ಯಾವ ರಾಜ ಎಲ್ಲಿಂದ ಓಡಿದ, ಯಾವ ಹೊಳೆ ದಾಟಿದ ಎಂದು ನನಗಿಂತ ಚೆನ್ನಾಗಿ ಹೇಳುತ್ತಾಳೆ. ಅಷ್ಟು ಸಾಲದು ಎಂಬಂತೆ, ಅವರು ಹೇಗೆ ಓಡಬೇಕಿತ್ತು ಎಂದೂ ಹೇಳುತ್ತಾಳೆ.

"ಓಡೋರೆಲ್ಲ ಯಾಕೆ ರಾತ್ರೀನೇ ಓಡ್ತಾರೆ ಪತ್ರದಯ್ಯ? ರಾತ್ರಿ ಹೊತ್ತು ಎಲ್ಲಾರ ಮನೆ ನಾಯೀನೂ ಬಿಚ್ಚಿರ್ತಾರೆ. ಓಡೋದಿದ್ರೆ ಮಟಮಟ ಮಧ್ಯಾಹ್ನ ಓಡ್ಬೇಕು. ಅದೂ ಓಡ್ಬಾರ್ದು, ನಡೀಬೇಕು," ಎಂದಳು. ಪತ್ರದಯ್ಯ ಎಂಬುದು ಆಕೆ ನನಗಿಟ್ಟ ಹೆಸರು.

ಇನ್ನೂ ಹಲವು ದೂರುಗಳಿದ್ದವು. ಪುಸ್ತಕದಲ್ಲಿ ಓಡಿದ ಯಾರ ಚಪ್ಪಲಿಯೂ ಕಿತ್ತುಹೋಗುವುದಿಲ್ಲ. ಯಾರಿಗೂ ಹೊಟ್ಟೆ ಕೆಡುವುದಿಲ್ಲ, ಹೆದರಿದ ಮನುಷ್ಯನಿಗೆ ಮೊದಲು ಕೆಡುವುದೇ ಅದು. ಜೊಂಡಿನಲ್ಲಿ ರಾತ್ರಿಯಿಡೀ ಕೂತವನು ಬೆಳಿಗ್ಗೆ ಎದ್ದು ಭಾಷಣ ಮಾಡುತ್ತಾನೆ, ಸೊಳ್ಳೆ ಕಚ್ಚಿ ಮುಖ ಊದಿಕೊಂಡಿದೆ ಎಂಬ ಮಾತೇ ಇಲ್ಲ. ನಾನು ನಕ್ಕೆ. ಆಕೆ ನಗಲಿಲ್ಲ. ಸುತ್ತಿಗೆಯನ್ನು ಕೆಳಗಿಟ್ಟು ಹೇಳಿದ ಮಾತು ಇದು:

"ಎಲ್ಲಾದ್ರಲ್ಲೂ ಒಬ್ಬ ನಂಬಿಕಸ್ಥ ಆಳು ಇರ್ತಾನೆ ನೋಡು. ಬಾಗಿಲು ತೆಗೆಯೋನು ಅವನು, ದೋಣಿ ಹುಡುಕೋನು ಅವನು. ಕುದುರೆ ಹೆಸರು ಬರೀತಾರೆ. ಆಳಿನ ಹೆಸರು ಬರಿಯಲ್ಲ."

ಅಂಗಡಿಯಿಂದ ಹೊರಗೆ ಬಂದರೆ ಎದುರು ಗೋಡೆಯ ಮೇಲೆ ಓಡಿಹೋದ ಗುಲಾಮರ ಪ್ರಕಟಣೆಗಳು ಇವೆ. ಗುಂಗುರು ಕೂದಲು, ಬಲಗೆನ್ನೆಯಲ್ಲಿ ಮಚ್ಚೆ, ಹಿಡಿದುಕೊಟ್ಟವರಿಗೆ ಬಹುಮಾನ. ದಿನಾ ಅದರ ಮುಂದೆಯೇ ಓಡಾಡುವ ನನಗೆ ಅವತ್ತು ಮೊದಲ ಸಲ ಅದು ವಿಚಿತ್ರವಾಗಿ ಕಂಡಿತು. ದೊಡ್ಡವರು ಓಡಿದರೆ ಇತಿಹಾಸದಲ್ಲಿ ಒಂದು ಅಧ್ಯಾಯ. ಗುಲಾಮ ಓಡಿದರೆ ಕಳವಿನ ಮೊಕದ್ದಮೆ, ಕಾನೂನಿನ ಪ್ರಕಾರ ಅವನು ತನ್ನನ್ನು ತಾನೇ ಕದ್ದವನು. ಈ ಎರಡು ಓಟ ಒಂದೇ ರಸ್ತೆಯಲ್ಲಿ, ಒಂದೇ ಹಗ್ಗದಲ್ಲಿ ಸೇರಿದ ಒಂದು ದಿನವಿದೆ. ಥಲ್ಲೂಸಾಳ ಕಥೆ ಅಲ್ಲಿಂದ ಶುರುವಾಗುತ್ತದೆ.

ನಿಮ್ಮಲ್ಲಿ ವಯಸ್ಸಾದವರಿಗೆ ಆ ವರ್ಷ ನೆನಪಿರುತ್ತದೆ. ನಲವತ್ತೆರಡು ವರ್ಷದ ಹಿಂದೆ ಅಧಿಕಾರ ಹಿಡಿದವರು ಚೌಕದಲ್ಲಿ ಬಿಳಿ ಹಲಗೆ ನಿಲ್ಲಿಸಿ, ಯಾರು ಬೇಕಾದರೂ ಕೊಲ್ಲಬಹುದಾದ ವಿರೋಧಿಗಳ ಹೆಸರು ಬರೆದರು. ತಲೆ ತಂದವನಿಗೆ ಹಣ, ತಂದವನು ಗುಲಾಮನಾಗಿದ್ದರೆ ಹಣದ ಜೊತೆ ಬಿಡುಗಡೆ. ಹೆಸರು ಬಂದವರು ಬಾವಿಗೆ ಇಳಿದರು, ಮಾಡು ಹತ್ತಿದರು, ಹೆಂಡತಿಯ ಪೆಟ್ಟಿಗೆಯಲ್ಲಿ ಮುದುಡಿ ಮಲಗಿದರು. ಥಲ್ಲೂಸಾ ಇದ್ದ ಮನೆಯ ಯಜಮಾನನ ಹೆಸರು ಎರಡನೆಯ ದಿನದ ಹಲಗೆಯಲ್ಲಿತ್ತು. ಆಗ ಆಕೆಗೆ ಹತ್ತೊಂಬತ್ತು. ಆ ಮನೆಯಲ್ಲೇ ಹುಟ್ಟಿ, ಅಡಿಗೆಮನೆಯಲ್ಲೇ ಬೆಳೆದವಳು.

ಯಜಮಾನನನ್ನು ಹಿಡಿದುಕೊಟ್ಟಿದ್ದರೆ ಅವತ್ತೇ ಬಿಡುಗಡೆ ಸಿಗುತ್ತಿತ್ತು. ಯಾಕೆ ಕೊಡಲಿಲ್ಲ ಎಂದು ಕೇಳಿದೆ. ದೊಡ್ಡ ಉತ್ತರವೇನೋ ಬರುತ್ತದೆ ಎಂದು ಕಾದೆ.

"ಒಡತಿ ಅಡಿಗೆಮನೆಗೆ ಬಂದು ನನ್ನ ಕಾಲ ಹತ್ರ ಕೂತ್ಕೊಂಡ್ರು. ಅವರು ನೆಲದ ಮೇಲೆ ಕೂತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಮೊದಲು ಅವರನ್ನ ಎಬ್ಬಿಸ್ಬೇಕು ಅನ್ನಿಸ್ತು. ಅಷ್ಟೇ," ಎಂದಳು.

ಉಪಾಯವೂ ಆಕೆಯದೇ. ಹಿಂದಿನ ವರ್ಷ ಆ ಮನೆಯಿಂದ ಅಡಿಗೆಯವನೊಬ್ಬ ಓಡಿಹೋಗಿದ್ದ. ಹನ್ನೊಂದನೆಯ ದಿನ ಅವನನ್ನು ಹಿಡಿದು, ಅರ್ಧ ತಲೆ ಬೋಳಿಸಿ, ಕುತ್ತಿಗೆಗೆ ಹಗ್ಗ ಕಟ್ಟಿ, ತುಂಬಿದ ಪೇಟೆಯ ನಡುವೆ ಎಳೆದು ತಂದರು. ಆಗ ಥಲ್ಲೂಸಾ ಬಾಗಿಲಲ್ಲೇ ನಿಂತಿದ್ದಳು. ಬೀದಿಯಲ್ಲಿ ನೂರಾರು ಜನ. ಅಷ್ಟು ಜನರಲ್ಲಿ ಒಬ್ಬರೂ ಅವನ ಮುಖ ನೋಡಲಿಲ್ಲ, ಎಲ್ಲರೂ ನೋಡಿದ್ದು ಹಗ್ಗವನ್ನು. ಅವನಿಗೆ ಆಮೇಲೆ ಏನಾಯಿತು ಎಂದು ನಾನು ಕೇಳಿದೆ. ಅದನ್ನು ಬರೆಯುವುದು ಬೇಡ ಎಂದಳು, ಹೇಳಲೂ ಇಲ್ಲ.

ಹೀಗಾಗಿ ಹಲಗೆಯಲ್ಲಿ ಹೆಸರು ಬಂದ ಆ ಬೆಳಿಗ್ಗೆ, ರೋಮಿನ ಒಬ್ಬ ಹಿರಿಯ ಸಭಾಸದನ ಅರ್ಧ ತಲೆಯನ್ನು ಅಡಿಗೆಮನೆಯ ಚಾಕುವಿನಿಂದ ಬೋಳಿಸಲಾಯಿತು. ಒಲೆಯ ಬೂದಿಯನ್ನು ಎಣ್ಣೆಯಲ್ಲಿ ಕಲಸಿ ಮೈಗೆ ಬಳಿದರು. ಕುತ್ತಿಗೆಗೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಕತ್ತೆಯ ಜೀನಿಗೆ ಕಟ್ಟಿದರು. ಕತ್ತೆಯ ಮೇಲೆ ಥಲ್ಲೂಸಾ. ಓಸ್ಟಿಯಾದ ಹತ್ತಿರ ಒಂದು ತೋಟ, ಅದರ ಮೇಲ್ವಿಚಾರಕನ ಮಗಳು ತಾನು, ಓಡಿಹೋಗಿದ್ದ ಗುಲಾಮನನ್ನು ಹಿಡಿದು ವಾಪಸು ಕರೆದೊಯ್ಯುತ್ತಿದ್ದೇನೆ ಎಂಬುದು ದಾರಿಗೆ ಕಟ್ಟಿಕೊಂಡ ಸುಳ್ಳು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಊರ ಬಾಗಿಲು. ಅಲ್ಲಿ ಸೈನಿಕರು ಹೆಸರುಗಳ ಪಟ್ಟಿ ಹಿಡಿದು ನಿಂತಿದ್ದರು. ತಪ್ಪಿಸಿಕೊಂಡು ಹೋಗುವವರನ್ನು ಹುಡುಕಲು ನಿಂತವರು, ಆಗಲೇ ಸಿಕ್ಕಿಬಿದ್ದವನನ್ನು ಯಾಕೆ ನೋಡುತ್ತಾರೆ?

ನೋಡಲಿಲ್ಲ. ಕೆಟ್ಟದ್ದು ಯಜಮಾನನಿಂದಲೇ. ದಾಟುವಾಗ ಒಬ್ಬ ಸೈನಿಕ ತಮಾಷೆಗೆ ಅವನ ಮೇಲೆ ಉಗುಳಿದ. ಮೂವತ್ತು ವರ್ಷ ಸಭೆಯಲ್ಲಿ ಎದ್ದು ನಿಂತು ಮಾತಾಡಿದ ಮನುಷ್ಯ, ಕುತ್ತಿಗೆಯಲ್ಲಿ ಹಗ್ಗವಿದೆ ಎಂಬುದನ್ನೇ ಮರೆತು ತಲೆಯೆತ್ತಿದ. "ನಿನ್ನ ಹೆಸರೇನು, ಸೈನಿಕ?" ಎಂದು ಕೇಳಿದ. ಆ ದನಿಯನ್ನು ಥಲ್ಲೂಸಾ ಈಗಲೂ ಮಾಡಿ ತೋರಿಸುತ್ತಾಳೆ, ಗದ್ದ ಎತ್ತಿ, ಕಣ್ಣು ಅರ್ಧ ಮುಚ್ಚಿ. ಬಾಗಿಲಲ್ಲಿ ನಿಂತಿದ್ದವರೆಲ್ಲ ಒಮ್ಮೆಗೇ ತಿರುಗಿ ನೋಡಿದರು. ಅಂಥ ದನಿ ಯಾವ ಗುಲಾಮನ ಗಂಟಲಲ್ಲೂ ಇರುವುದಿಲ್ಲ.

"ಕತ್ತೆಯಿಂದ ಧುಮುಕಿದವಳೇ ಕೆನ್ನೆಗೆ ಬಿಟ್ಟೆ. ಎಷ್ಟು ಜೋರು ಅಂದ್ರೆ ನನ್ನ ಮಣಿಕಟ್ಟೇ ಉಳುಕ್ತು. 'ಇದೇ ಚಾಳಿ ಕಣಪ್ಪ ಇವನದ್ದು, ಯಾರನ್ನ ಕಂಡ್ರೂ ಯಜಮಾನನ ಥರ ಮಾತಾಡ್ತಾನೆ, ಅದಕ್ಕೇ ಬೋಳಿಸಿದ್ದು' ಅಂದೆ. ಸೈನಿಕರು ನಕ್ಕುಬಿಟ್ರು. ಇನ್ನೊಂದು ಬಾರಿಸಮ್ಮ ಅಂದ ಒಬ್ಬ. ಬಾರಿಸ್ದೆ."

ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದೆ. ಯಜಮಾನನ ಮೇಲೆ ಕೈಯೆತ್ತಿದ ಗುಲಾಮರಿಗೆ ಏನು ಶಿಕ್ಷೆ ಎಂದು ಆಕೆಗೂ ಗೊತ್ತು, ನನಗೂ ಗೊತ್ತು, ನಿಮಗೂ ಗೊತ್ತು. ಎರಡನೆಯ ಏಟು ಯಾಕೆ ಎಂದು ಕೇಳಿದೆ. ಸೈನಿಕ ಕೇಳಿದ, ಕೊಡದಿದ್ದರೆ ಅನುಮಾನ ಬರುತ್ತಿತ್ತು ಎಂದಳು. ಆಮೇಲೆ, ಅರ್ಧ ಅದಕ್ಕೆ, ಇನ್ನರ್ಧ ಆ ಅಡಿಗೆಯವನಿಗೆ ಎಂದು ಸೇರಿಸಿದಳು.

ದಾರಿಯುದ್ದಕ್ಕೂ ಜನ ಬುದ್ಧಿ ಹೇಳಿದರು. ಹಣೆಗೆ ಬರೆ ಹಾಕಿಸು, ಮತ್ತೆ ಓಡಲ್ಲ ಎಂದ ಒಬ್ಬ ರೈತ. ಗುಲಾಮರನ್ನು ಹಿಡಿಯುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಮೂರು ಮೈಲಿ ಜೊತೆಗೇ ಬಂದು, ಮುಂದಿನ ಸಲ ಓಡಿದರೆ ನನಗೇ ಹೇಳಿಕಳಿಸು ಎಂದು ತನ್ನ ಮನೆಯ ಗುರುತು ಕೊಟ್ಟ. ಯಜಮಾನ ಆಮೇಲೆ ತಲೆಯೆತ್ತಲಿಲ್ಲ. ಅವನ ಒಂದು ಚಪ್ಪಲಿ ಎಂಟನೆಯ ಮೈಲಿಗಲ್ಲಿನ ಹತ್ತಿರ ಕಿತ್ತುಹೋಯಿತು. ಸಂಜೆ ಓಸ್ಟಿಯಾದಲ್ಲಿ ಸಿಸಿಲಿಗೆ ಹೊರಟಿದ್ದ ಎಣ್ಣೆ ಹಡಗು ಸಿಕ್ಕಿತು. ಹಗ್ಗ ಬಿಚ್ಚುವಾಗ ಅವನು ಒಂದೇ ಒಂದು ಮಾತಾಡಿದ. ನಿನ್ನ ಹೆಸರೇನು ಎಂದು ಕೇಳಿದ. ಹತ್ತೊಂಬತ್ತು ವರ್ಷ ಅವನ ಮನೆಯಲ್ಲಿದ್ದವಳು ಹೆಸರು ಹೇಳಿದಳು.

ನಾಲ್ಕು ವರ್ಷದ ಮೇಲೆ ಎಲ್ಲ ತಣ್ಣಗಾಗಿ ಅವನು ಊರಿಗೆ ಮರಳಿದ. ಆರು ತಿಂಗಳೊಳಗೆ ಆಕೆಗೆ ಬಿಡುಗಡೆ ಕೊಟ್ಟು, ಗ್ಲೈಕೋನ ಅಪ್ಪನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸಿದ. ಆ ದಿನದ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡಬಾರದು ಎಂಬುದೊಂದೇ ಷರತ್ತು. ಉಪಕಾರವೋ, ತನ್ನನ್ನು ಹೊಡೆದ ಕೈ ದಿನಾ ಕಣ್ಣಿಗೆ ಬೀಳಬಾರದೆಂದೋ, ಆಕೆಗೆ ತಿಳಿಯದು. ಬೇರೆಯವರು ಮೂವತ್ತು ವರ್ಷ ದುಡಿದರೂ ಸಿಗದ ಬಿಡುಗಡೆ ನನಗೆ ಎರಡು ಏಟಿಗೆ ಸಿಕ್ಕಿತು ಎಂದು ನಗುತ್ತಾಳೆ. ಅವನು ಸಾಯುವವರೆಗೂ ಆಕೆ ಮಾತು ಉಳಿಸಿಕೊಂಡಳು, ಸತ್ತ ಮೇಲೂ ಹದಿನಾಲ್ಕು ವರ್ಷ ಉಳಿಸಿಕೊಂಡಳು.

ಬಾಯಿ ಬಿಡಿಸಿದ್ದು ಇತಿಹಾಸಕಾರ ಪೆಡಾನಿಯಸ್. ಕೆಮ್ಮಿನ ಮನುಷ್ಯ, ಒಳ್ಳೆಯವನು, ಧೈರ್ಯ ಸ್ವಲ್ಪ ಕಡಿಮೆ. ಆ ಬಿಳಿ ಹಲಗೆಯ ವರ್ಷದ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಹರಿದ ಸುರುಳಿ ಸರಿಮಾಡಿಸಲು ಬಂದವನು, ಹನ್ನೊಂದು ಜನ ತಪ್ಪಿಸಿಕೊಂಡ ಕಥೆ ಬರೆದಿದ್ದೇನೆ, ಹನ್ನೊಂದೂ ಒಂದೇ ಥರ ಇದೆ ಎಂದು ಗ್ಲೈಕೋನ ಹತ್ತಿರ ಗೋಳಾಡುತ್ತಿದ್ದ. ಒಂದರಲ್ಲೂ ಚಪ್ಪಲಿ ಕಿತ್ತುಹೋಗಿಲ್ಲ ಎಂದು ಹಿಂದಿನ ಕೋಣೆಯಿಂದ ಥಲ್ಲೂಸಾ ಗೊಣಗಿದಳು. ಅವನಿಗೆ ಕೇಳಿಸಿತು. ಒಳಗೆ ಬಂದು ಕೂತು, ಸಂಜೆಯವರೆಗೂ ಏಳಲಿಲ್ಲ. ಮಾರನೆಯ ವಾರ ಹನ್ನೆರಡನೆಯ ಕಥೆ ಬರೆದ. ಅದರಲ್ಲಿ ಬೂದಿ, ಕತ್ತೆ, ಏಟು, ಚಪ್ಪಲಿ ಎಲ್ಲವೂ ಇದ್ದವು. ಆಳೊಬ್ಬಳು ಎಂದು ಬರೆಯದೆ ಹೆಸರೇ ಬರೆದಿದ್ದ. ನಕಲುಗಳ ಸುರುಳಿ ಸೇರಿಸುವಾಗ ಆ ಆಕಾರ ಆಕೆಯ ಕಣ್ಣಿಗೆ ಬಿತ್ತು.

"ಯಾರೋ ನನ್ನ ಕರೆದ ಹಾಗಾಯ್ತು. ತಿರುಗಿ ನೋಡ್ದೆ, ಯಾರೂ ಇಲ್ಲ. ಅಂಟೆಲ್ಲ ಒಣಗೋಯ್ತು ಅವತ್ತು," ಎಂದಳು. ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ನಾನು ಬಟ್ಟಲಿನ ಕಡೆ ಬಗ್ಗಿ ಒಂದು ಹಿಡಿ ಕಡಲೆಕಾಳು ಬಾಯಿಗೆ ಹಾಕಿಕೊಂಡೆ.

ಮುಂದೆ ಆದದ್ದು ನೀವೂ ಊಹಿಸಬಹುದು. ಪುಸ್ತಕವನ್ನು ಹತ್ತು ಜನರ ಮುಂದೆ ಓದದೆ ಹೊರಗೆ ಬಿಡುವವರು ನಮ್ಮಲ್ಲಿ ಯಾರಿದ್ದಾರೆ? ಪೆಡಾನಿಯಸ್‌ಗೆ ಸ್ವಂತ ಸಭಾಂಗಣವಿಲ್ಲ. ಎರವಲು ಕೊಟ್ಟವನು ಆ ಯಜಮಾನನ ಮಗ, ಈಗ ತಾನೂ ಸಭಾಸದ. ಅಪ್ಪನ ಶೌರ್ಯ ಕೇಳಲು ಮುಂದಿನ ಸಾಲಿನಲ್ಲೇ ಕೂತಿದ್ದ. ಅವನಿಗೆ ಅಪ್ಪ ಹೇಳಿದ್ದ ಕಥೆಯೇ ಬೇರೆ. ಸೇನಾಪತಿಯ ಮೇಲಂಗಿ ತೊಟ್ಟು, ಆಳುಗಳ ಕೈಯಲ್ಲಿ ಅಧಿಕಾರದ ಕೋಲು ಹಿಡಿಸಿ, ಸೈನಿಕರಿಂದ ವಂದನೆ ತೆಗೆದುಕೊಂಡೇ ಊರ ಬಾಗಿಲು ದಾಟಿದೆ ಎಂದು. ಪೆಡಾನಿಯಸ್ ಕೆಮ್ಮುತ್ತಾ ಎರಡನೆಯ ಏಟಿನವರೆಗೆ ಓದಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗ ಎದ್ದು, ನಿಲುವಂಗಿಯ ಮಡಿಕೆ ಸರಿಮಾಡಿಕೊಂಡು ಹೊರಟುಹೋದ.

ಮಾರನೆಯ ದಿನ ಅವನ ಮನೆಯ ಪಾರುಪತ್ಯಗಾರ ಅಂಗಡಿಗೆ ಬಂದ. ಸೇನಾಪತಿಯ ಮೇಲಂಗಿಯ ಕಥೆಯನ್ನು ಪೆಡಾನಿಯಸ್‌ನ ಕೈಯಲ್ಲೇ ಬರೆಸಿ ತಂದಿದ್ದ. ಹಳೆಯ ಅಂಕಣ ತೆಗೆದು ಇದನ್ನು ಸೇರಿಸಬೇಕು, ತೆಗೆದ ಪಟ್ಟಿಗಳನ್ನು ತನ್ನ ಕಣ್ಣೆದುರಿಗೇ ಸುಡಬೇಕು ಎಂದ. ಥಲ್ಲೂಸಾಳಿಗೆ ಪ್ರತ್ಯೇಕವಾಗಿ ಒಂದು ಮಾತು ತಂದಿದ್ದ. ಬಿಡುಗಡೆ ಪಡೆದವರು ಬಿಡಿಸಿದ ಮನೆಗೆ ಸಾಯುವವರೆಗೂ ಋಣಿಗಳು, ಕೃತಘ್ನರ ಮೇಲೆ ದೂರು ಕೊಡುವ ದಾರಿ ನ್ಯಾಯಾಲಯದಲ್ಲಿ ಇದೆ. ಏಟಿನ ಕಥೆ ಇನ್ನೊಮ್ಮೆ ಎಲ್ಲಾದರೂ ಕೇಳಿಬಂದರೆ ಆ ದಾರಿ ಹಿಡಿಯುತ್ತಾರೆ ಎಂದು. ಅವನು ಹೋದ ಮೇಲೆ ಪೆಡಾನಿಯಸ್ ತಾನೇ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಅತ್ತ. ಹೊಸ ಕಥೆಯಲ್ಲೂ ಒಬ್ಬ ನಂಬಿಕಸ್ಥ ಆಳನ್ನು ಉಳಿಸಿದ್ದೇನೆ ಎಂದ. ಗಂಡಾಳು, ಹೆಸರಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ಸಿಟ್ಟು ಬಂತು. ಮಗನ ಮೇಲೆ ಬಂತು, ಪೆಡಾನಿಯಸ್‌ನ ಮೇಲೂ ಬಂತು. ನಿಜ ಹೇಳಬೇಕೆಂದರೆ ಸ್ವಲ್ಪ ಥಲ್ಲೂಸಾಳ ಮೇಲೂ ಬಂತು. ತನ್ನ ಹೆಸರನ್ನು ತಾನೇ ಕೊಯ್ಯುವಾಗ ಇಷ್ಟು ನಾಜೂಕು ಯಾಕೆ? ಒಂದೆರಡು ಕಡೆ ಕೈ ಜಾರಿದ ಹಾಗೆ ಮಾಡಿ ಸುರುಳಿಯನ್ನೇ ಕೆಡಿಸಬಾರದೇ? ಬಾಯಿಬಿಟ್ಟು ಕೇಳಿಯೂಬಿಟ್ಟೆ. ಆಕೆ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು. ಕೆಲಸ ಕೆಡಿಸಿದರೆ ತಾನು ಕೆಡುವುದು, ಕಥೆ ಉಳಿಯುವುದಿಲ್ಲ ಎಂದಳು.

ಒಂಬತ್ತನೆಯ ಬೆಳಗಿಗೆ, ಅಂದರೆ ಈ ಪತ್ರದ ಮೊದಲ ಸಾಲಿಗೆ, ಈಗ ಮರಳಿ ಬಂದಿದ್ದೇವೆ. ಕಿಟಕಿಯಲ್ಲಿ ಬೆಳಕು ಹರಿಯುತ್ತಿದೆ. ಮೂವತ್ತೆರಡನೆಯ ಸುರುಳಿಯ ತೇಪೆ ಈಗಷ್ಟೇ ಮುಗಿದಿದೆ. ಪಾರುಪತ್ಯಗಾರ ಬರುತ್ತಾನೆ, ಮೂಗಿಗೆ ಬಟ್ಟೆ ಹಿಡಿದಿದ್ದಾನೆ, ದೇವದಾರಿನ ವಾಸನೆ ಅವನಿಗೆ ಆಗದು. ಎರಡು ಮೂರು ಪ್ರತಿ ಬಿಡಿಸಿ, ಹೊಸ ಅಂಕಣವನ್ನು ತುಟಿಯಾಡಿಸುತ್ತಾ ಓದಿ, ತಲೆಯಾಡಿಸುತ್ತಾನೆ. ಬೆಸುಗೆ ಎಲ್ಲಿದೆ ಎಂದು ಬೆರಳಿನಿಂದ ತಡಕಿದರೂ ಅವನಿಗೆ ಸಿಗುವುದಿಲ್ಲ. ಪಟ್ಟಿಗಳೆಲ್ಲಿ ಎನ್ನುತ್ತಾನೆ. ಥಲ್ಲೂಸಾ ಮೂಲೆಯಿಂದ ಬುಟ್ಟಿ ಎತ್ತಿ ಕೊಡುತ್ತಾಳೆ, ತುಂಬ ಸುತ್ತಿದ ಪಟ್ಟಿಗಳು. ರೊಟ್ಟಿಯವನ ಒಲೆಯವರೆಗೆ ಮೂವರೂ ನಡೆಯುತ್ತೇವೆ. ಅವನೇ ಕೈಯಾರೆ ಬುಟ್ಟಿ ಸುರಿದು, ಬೂದಿಯಾಗುವವರೆಗೂ ನಿಂತು, ಒಂದು ರೊಟ್ಟಿ ಕೊಂಡು ಹೋಗುತ್ತಾನೆ.

ಆಕೆ ವಾಪಸು ಬಂದು ಮೇಜು ಒರೆಸುತ್ತಾಳೆ. ನಾನು ಕೈ ಸುಮ್ಮನಿರದೆ ಮೇಲಿದ್ದ ಒಂದು ಸುರುಳಿ ತೆಗೆದು, ಆ ಬೆಸುಗೆ ನನಗಾದರೂ ಕಂಡೀತೇ ಎಂದು ಬಿಡಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತೇನೆ. ಉಳಿದ ಹಾಳೆಗಳಲ್ಲಿ ಬೆಳಕು ಜೇನಿನ ಬಣ್ಣದಲ್ಲಿ ತೂರಿ ಬರುತ್ತದೆ. ತೇಪೆಯ ಜಾಗದಲ್ಲಿ ಮಾತ್ರ ಕಪ್ಪಾಗಿದೆ. ಅಲ್ಲಿ ಹಾಳೆ ಎರಡು ಪದರ ಇದೆ. ಸೇನಾಪತಿಯ ಮೇಲಂಗಿಯ ಸಾಲುಗಳ ಹಿಂದೆ ಇನ್ನೊಂದು ಸಾಲು ಬರಹ ಮಸುಕಾಗಿ ಕಾಣುತ್ತದೆ.

"ಬೆಳಕಿಗೆ ಹಿಡೀಬೇಡ. ಇಳಿಸು," ಎನ್ನುತ್ತಾಳೆ.

ಇಳಿಸುತ್ತೇನೆ. ಆಕೆ ಕಸುಬಿನ ಪಾಠ ಹೇಳುವವಳ ಹಾಗೆ ನಿಧಾನವಾಗಿ ವಿವರಿಸುತ್ತಾಳೆ. ತೇಪೆಗೆ ಬೆನ್ನು ಬೇಕು. ಬರೀ ಅಂಚಿಗೆ ಅಂಚು ಅಂಟಿಸಿದರೆ ನಾಲ್ಕು ಸಲ ಬಿಚ್ಚಿ ಸುತ್ತುವಷ್ಟರಲ್ಲಿ ಕಿತ್ತುಬರುತ್ತದೆ. ಅದಕ್ಕೇ ಹಿಂದಿನಿಂದ ಒಂದು ಹಳೆಯ ಪಟ್ಟಿಯನ್ನು ಬೋರಲಾಗಿ, ಬರಹ ಒಳಗೆ ಬರುವ ಹಾಗೆ ಹಾಕಿ ಬಿಗಿಯುತ್ತಾರೆ. ಈ ಬೀದಿಯ ಅಂಟಿನವರೆಲ್ಲ ಮಾಡುವುದು ಹಾಗೆಯೇ, ಕೈಗೆ ಸಿಕ್ಕಿದ ಪಟ್ಟಿ ಯಾವುದೋ ಅದನ್ನೇ ಹಾಕುತ್ತಾರೆ. ತನ್ನ ಕೈಗೆ ಸಿಕ್ಕಿದ್ದು ಅದೇ ಅಳತೆಯ ಮೂವತ್ತೆರಡು ಪಟ್ಟಿ, ಒಳ್ಳೆಯ ಹಾಳೆ, ಬಿಸಾಕಲು ಮನಸ್ಸಾಗಲಿಲ್ಲ ಎನ್ನುತ್ತಾಳೆ.

ಹಾಗಾದರೆ ಒಲೆಯಲ್ಲಿ ಉರಿದದ್ದು ಏನು ಎಂದು ಕೇಳುತ್ತೇನೆ.

"ಯಾರೋ ಒಬ್ಬ ವಕೀಲನ ಭಾಷಣ. ಆರು ವರ್ಷದಿಂದ ಯಾರೂ ಕೊಂಡಿರ್ಲಿಲ್ಲ. ಎಷ್ಟು ಚೆನ್ನಾಗಿ ಉರೀತು ನೋಡಿದ್ಯಲ್ಲ."

ಆಮೇಲೆ ನಾನು ಕೇಳಿದ್ದು ಬರೀ ಕುತೂಹಲಕ್ಕೆ. ಆ ಅಂಟು ಎಷ್ಟು ಕಾಲ ಹಿಡಿಯುತ್ತದೆ? ಬಡಗಿಯ ಅಂಟಾದರೆ ಹತ್ತು ವರ್ಷದಲ್ಲಿ ಒಡೆದು ಉದುರುತ್ತದೆ, ತನ್ನದು ಹಾಗಲ್ಲ ಎಂದಳು. ಟೈಬರ್ ನದಿಯ ತೇವ ಹೀರಿಕೊಂಡು, ಒಣಗಿ, ಮತ್ತೆ ಹೀರಿಕೊಂಡು, ಐವತ್ತು ಅರವತ್ತು ವರ್ಷದ ಮೇಲೆ ಮೆಲ್ಲಗೆ ಬಿಡುತ್ತದೆ. ಬಿಡುವಾಗ ಬರಹ ಹರಿಯುವುದಿಲ್ಲ. ಬೆನ್ನಿನ ಪಟ್ಟಿ ಇಡೀ ಎದ್ದು ಬರುತ್ತದೆ. ಅಷ್ಟು ಹೊತ್ತಿಗೆ ಆ ಮಗ ಇರುವುದಿಲ್ಲ, ಪಾರುಪತ್ಯಗಾರ ಇರುವುದಿಲ್ಲ, ಆಕೆಯೂ ಇರುವುದಿಲ್ಲ. ಮೂವತ್ತೆರಡು ಕಡೆಯೂ ಉಳಿಯಬೇಕೆಂದೇನೂ ಆಕೆಗಿಲ್ಲ. ಹುಳು ತಿನ್ನಲಿ, ಮನೆಗೆ ಬೆಂಕಿ ಬೀಳಲಿ, ಎಲ್ಲೋ ಒಂದು ಉಳಿದರೆ ಸಾಕು ಎಂಬುದು ಆಕೆಯ ಆಸೆ.

ಇದನ್ನು ನಿಮಗೆ ಬರೆಯಬಹುದೇ ಎಂದು ಅನುಮತಿ ಕೇಳಿದೆ. ಸಿಗುವುದಿಲ್ಲ ಎಂದುಕೊಂಡಿದ್ದೆ. ಆಕೆ ಸ್ವಲ್ಪ ಯೋಚಿಸಿ, ಗುರುತು ಸಿಗದ ಹಾಗೆ ಬರೆ, ಯಜಮಾನನ ಮನೆತನದ ಹೆಸರು ಬೇಡ, ಪುಸ್ತಕದ ಹೆಸರೂ ಬೇಡ ಎಂದಳು. ಹಾಗೆಯೇ ಬರೆದಿದ್ದೇನೆ. ಇತಿಹಾಸಕಾರನಿಗೂ ಅಂಗಡಿಯವನಿಗೂ ಬೇರೆ ಹೆಸರಿಟ್ಟಿದ್ದೇನೆ. ಯಾವ ಪುಸ್ತಕ ಎಂದು ಕೇಳಿ ದಯವಿಟ್ಟು ಪತ್ರ ಬರೆಯಬೇಡಿ, ಹಬ್ಬಕ್ಕೆ ಉಡುಗೊರೆ ಬಂದ ಸುರುಳಿಗಳ ಬೆನ್ನು ಕೆರೆದು ನೋಡಲೂ ಬೇಡಿ.

ಏಳುವ ಮೊದಲು ಕೊನೆಯದಾಗಿ ಒಂದು ಮಾತು ಕೇಳಿದೆ. ನಲವತ್ತೆರಡು ವರ್ಷ ಕಾದು ಪುಸ್ತಕದೊಳಗೆ ಬಂದವಳನ್ನು ನನ್ನ ಪತ್ರದಲ್ಲೂ ಹೆಸರಿಲ್ಲದ ಆಳನ್ನಾಗಿ ಮಾಡಲು ನನಗೆ ಮನಸ್ಸಿಲ್ಲ, ಏನೆಂದು ಬರೆಯಲಿ ಎಂದೆ. ಆಕೆ ಅಂಟಿನ ಮಡಕೆಗೆ ತಟ್ಟೆ ಮುಚ್ಚಿ, ಕೈ ಒರೆಸಿಕೊಂಡಳು.

"ನಿನ್ನ ಪತ್ರಕ್ಕೆ ಯಾವ ಹೆಸರಾದ್ರೂ ಹಾಕ್ಕೋ. ಥಲ್ಲೂಸಾ ಅಂತ ಬೇಕಾದ್ರೆ ಬರಿ, ಕೇಳೋಕೆ ಚೆನ್ನಾಗಿದೆ. ನನ್ನ ಹೆಸರು ಪುಸ್ತಕದಲ್ಲಿದೆ."